ಕೋರ್ಟ್ ಪಾಸು, ಗೋಡೆ ನಪಾಸು

ಮೊದಲು ಅಂಕ ಹೇಳಿಬಿಡುತ್ತೇನೆ. ಇಪ್ಪತ್ತು ವರ್ಷ ಕನ್ನಡ ಶಾಲೆಯಲ್ಲಿ ಪಾಠ ಮಾಡಿದವಳ ಚಟ ಇದು. ಕಾರವಾರದಲ್ಲಿ ಮೇ ತಿಂಗಳಿಂದ ನಾನು ಹೋಗುತ್ತಿರುವ ಶಟಲ್ ಕೋರ್ಟಿಗೆ ಹತ್ತಕ್ಕೆ ಏಳು. ಎಂಟೂವರೆ ಕೊಡಬಹುದಿತ್ತು. ಒಂದೂವರೆ ಕಳೆದದ್ದು ಗೋಡೆಯಿಂದ. ಅದನ್ನು ಆಮೇಲೆ ಹೇಳುತ್ತೇನೆ, ಹೇಳಲು ಶುರು ಮಾಡಿದರೆ ನಿಲ್ಲಿಸುವುದು ಕಷ್ಟ.

ಹೆಸರು ಹಾಕುವುದಿಲ್ಲ. ನಡೆಸುವ ಹುಡುಗ ಸಾಲ ಎತ್ತಿ ಮಾಡಿದ್ದಾನೆ, ನನ್ನಿಂದ ಅವನಿಗೆ ಒಂದು ಬುಕಿಂಗೂ ತಪ್ಪುವುದು ಬೇಡ. ಕಾಳಿ ಸೇತುವೆಯಿಂದ ಸ್ಕೂಟಿಯಲ್ಲಿ ಹತ್ತು ನಿಮಿಷ ಅಂದರೆ ಗೊತ್ತಿದ್ದವರಿಗೆ ಗೊತ್ತಾಗುತ್ತದೆ. ನಾನಿರುವುದು ಸದಾಶಿವಗಡದ ಕಡೆ. ಬೆಳಿಗ್ಗೆ ಐದೂಮುಕ್ಕಾಲಿಗೆ ಸೇತುವೆ ದಾಟುವಾಗ ರಸ್ತೆಯಲ್ಲಿ ಮೀನಿನ ಲಾರಿ ಬಿಟ್ಟರೆ ನಾನೇ.

ಜಾಗ ಮೊದಲು ಬಲೆ, ಐಸ್ ಪೆಟ್ಟಿಗೆ ಇಡುವ ಗೋಡೌನ್ ಆಗಿತ್ತಂತೆ. ಈಗ ತಗಡಿನ ಮಾಡಿನ ಕೆಳಗೆ ಎರಡು ಕೋರ್ಟ್. ಸಿಮೆಂಟಿನ ಮೇಲೆ ಹಲಗೆ, ಹಲಗೆಯ ಮೇಲೆ ಹಸಿರು ಮ್ಯಾಟ್. ಮಳೆಗಾಲದಲ್ಲಿ ಎರಡು ದಿನ ಬಾಗಿಲು ಹಾಕಿಟ್ಟು ತೆಗೆದರೆ ಹಳೆಯ ವಾಸನೆ ಮೆಲ್ಲಗೆ ಎದ್ದು ಬರುತ್ತದೆ. ನಾನು ಶಿರಸಿ ಕಡೆಯ ಹವ್ಯಕರ ಮನೆಯವಳು. ಜೂನ್ ಮೊದಲ ವಾರ ಒಂದು ಕೈಯಲ್ಲಿ ಬ್ಯಾಟು, ಇನ್ನೊಂದು ಕೈಯಲ್ಲಿ ಮೂಗು. ನನ್ನ ಜೊತೆ ಆಡುವ ನಮ್ಮ ಶಾಲೆಯ ಪಿಟಿ ಮೇಡಂ ಅಂಕೋಲದವರು, ಅವರಿಗೆ ಆ ವಾಸನೆಗೆ ಹಸಿವಾಗುತ್ತಿತ್ತಂತೆ!

ಮ್ಯಾಟ್ ಒಳ್ಳೆಯದಿದೆ. ಬರೀ ಸಿಮೆಂಟಿನ ಮೇಲೆ ಆಡಿ ಹಾಳಾದ ಮೊಣಕಾಲಿಗೆ ವ್ಯತ್ಯಾಸ ಮೂರೇ ದಿನಕ್ಕೆ ಗೊತ್ತಾಯಿತು. ನೆಟ್ಟನ್ನು ಶಾಲೆಯ ಟೇಪು ತಂದು ಅಳೆದಿದ್ದೇನೆ. ನಡುವೆ 5 ಅಡಿ, ಕಂಬದ ಹತ್ತಿರ 5 ಅಡಿ 1 ಇಂಚು. ಸರಿಯಾಗಿದೆ. ಉಪ್ಪು ಗಾಳಿಗೆ ಕಂಬ ತುಕ್ಕು ಹಿಡಿಯುವ ಊರಿನಲ್ಲಿ ನೆಟ್ಟು ಜೋತು ಬೀಳದ ಹಾಗೆ ನೋಡಿಕೊಳ್ಳುವುದು ಸಣ್ಣ ಕೆಲಸ ಅಲ್ಲ. ಲೈಟು ಮಾತ್ರ ಒಂದನೇ ಕೋರ್ಟಿನಲ್ಲಿ ತಲೆಯ ಮೇಲೇ ಇದೆ. ಹಿಂದಿನ ಗೆರೆಯಿಂದ ಎತ್ತರದ ಕಾಕ್ ನೋಡಲು ಮುಖ ಎತ್ತಿದರೆ ಕಣ್ಣಿಗೆ ಕತ್ತಲೆ. ಎರಡನೇ ಕೋರ್ಟಿನಲ್ಲಿ ಟ್ಯೂಬುಗಳು ಪಕ್ಕದಲ್ಲಿವೆ. ಬುಕ್ ಮಾಡುವಾಗ ಅದನ್ನೇ ಕೇಳಿ.

ಕಾಕ್ ವಿಷಯದಲ್ಲಿ ಹುಡುಗನಿಗೆ ಒಂದು ಪಾಠ ಮಾಡಬೇಕಾಯಿತು. ಗರಿಯ ಕಾಕ್ ಡಬ್ಬಿಯ ಮೇಲೆ 76, 77, 78 ಅಂತ ನಂಬರ್ ಇರುತ್ತದೆ, ಅದು ವೇಗ. ಬಿಸಿ ಗಾಳಿ ತೆಳು, ಕಾಕ್ ಅದರಲ್ಲಿ ಜಾಸ್ತಿ ದೂರ ಹೋಗುತ್ತದೆ. ಅದಕ್ಕೇ ಸೆಕೆಯ ಊರಿಗೆ ನಿಧಾನದ 76, ಚಳಿಯ ಊರಿಗೆ 78. ಇವನು ಯಾರೋ ಕಡಿಮೆಗೆ ಕೊಟ್ಟರು ಅಂತ ಒಂದು ಪೆಟ್ಟಿಗೆ 78 ತಂದಿಟ್ಟಿದ್ದ. ಕಾರವಾರದ ಮೇ ತಿಂಗಳಲ್ಲಿ! ಮುಟ್ಟಿದರೆ ಗೋಡೆಗೆ ಹೋಗಿ ಬಡಿಯುತ್ತಿತ್ತು. ನನ್ನ ತೋಳಿಗೆ ಏನು ಬಲ ಬಂತಪ್ಪ ಅಂತ ಎರಡು ದಿನ ಖುಷಿಪಟ್ಟೆ, ಮೂರನೇ ದಿನ ಡಬ್ಬಿ ತಿರುಗಿಸಿ ನೋಡಿದೆ. ಈಗ 76 ಇಡುತ್ತಾನೆ.

ಗಟ್ಟಿಂಗ್, ಅಂದರೆ ಬ್ಯಾಟಿಗೆ ದಾರ ಬಿಗಿಯುವುದು, ಅಲ್ಲೇ ಮಾಡಿಕೊಡುತ್ತಾನೆ, ಕೈಯಲ್ಲಿ ತಿರುಗಿಸುವ ಮಷಿನ್. 23 ಪೌಂಡ್ ಅಂದರೆ 23 ಪೌಂಡೇ ಹಾಕುತ್ತಾನೆ. ಬೆಳಿಗ್ಗೆ ಗಂಟೆಗೆ 200 ರೂಪಾಯಿ, ಸಂಜೆ 250. ಬುಕಿಂಗ್ ವಾಟ್ಸಾಪಿನಲ್ಲಿ. ಹೆಬ್ಬೆರಳು ತೋರಿಸಿದ ಅಂದರೆ ಆಯಿತು ಅಂತ ಅರ್ಥ. ಆದರೆ ಒಂದು ಶನಿವಾರ ಅದೇ ಹೆಬ್ಬೆರಳನ್ನು ನಮಗೂ ತೋರಿಸಿದ್ದ, ನಾಲ್ಕು ಜನ ಕಾಲೇಜು ಹುಡುಗರಿಗೂ ತೋರಿಸಿದ್ದ. ಹುಡುಗರು ಪಾಪ, ‘ಅಕ್ಕೋರೇ, ನೀವು ಆಡಿ’ ಅಂತ ಬಿಟ್ಟುಕೊಟ್ಟು ಕೂತರು. ಇಬ್ಬರು ನನ್ನ ಹಳೆಯ ವಿದ್ಯಾರ್ಥಿಗಳು. ನಾಲ್ಕು ಹುಡುಗರು ಬೆಂಚಿನ ಮೇಲೆ ಸಾಲಾಗಿ ಕೂತು ನೋಡುವಾಗ ಆಡುವುದಿದೆಯಲ್ಲ, ಅದಕ್ಕಿಂತ ಇನ್‌ಸ್ಪೆಕ್ಷನ್ ವಾಸಿ.

ಈಗ ಗೋಡೆ.

ಬಾಗಿಲಿನ ಎದುರು ಗೋಡೆಗೆ ಆಳೆತ್ತರದ ಐದು ಫ್ಲೆಕ್ಸ್. ತೌಫಿಕ್ ಹಿದಾಯತ್, ಲಿನ್ ಡಾನ್, ಲೀ ಚಾಂಗ್ ವೀ, ಕೆಂಟೊ ಮೊಮೊಟಾ, ವಿಕ್ಟರ್ ಆಕ್ಸೆಲ್ಸನ್. ಆಯ್ಕೆಗೆ ಪೂರ್ತಿ ಅಂಕ. ಸಿನಿಮಾದವರನ್ನು ಹಾಕಿಲ್ಲ, ಕ್ರಿಕೆಟಿನವರನ್ನು ಹಾಕಿಲ್ಲ. ಪುರುಷರ ಸಿಂಗಲ್ಸ್‌ನ ಇಪ್ಪತ್ತು ವರ್ಷದ ಕತೆ ಒಂದೇ ಗೋಡೆಯಲ್ಲಿ. ಮೊದಲ ದಿನ ಇದನ್ನು ನೋಡಿಯೇ ಇಲ್ಲಿಗೆ ಬರುವುದು ಅಂತ ಗಟ್ಟಿ ಮಾಡಿದ್ದೆ. ಎರಡನೇ ದಿನ ಹತ್ತಿರ ಹೋಗಿ ನೋಡಿದೆ.

ಲಿನ್ ಡಾನ್ ಬಲಗೈಯಲ್ಲಿ ಬ್ಯಾಟ್ ಹಿಡಿದಿದ್ದಾನೆ.

ಚೀನಾದ ಲಿನ್ ಡಾನ್ ಎಡಗೈಯವನು. ಶಟಲ್ ನೋಡುವ ಯಾರನ್ನು ಕೇಳಿದರೂ ಹೇಳುತ್ತಾರೆ. ಪಕ್ಕದ ಲೀ ಚಾಂಗ್ ವೀ ಜೊತೆ ಮುಖಾಮುಖಿ ನಿಂತ ಹಾಗೆ ಕಾಣಲಿ ಅಂತ ಪ್ರಿಂಟಿನವನು ಫೋಟೋ ಉಲ್ಟಾ ಹೊಡೆದಿದ್ದಾನೆ. ಅಂಗಿಯ ಮೇಲಿನ ಅಕ್ಷರಗಳೂ ಕನ್ನಡಿಯಲ್ಲಿ ಕಂಡ ಹಾಗಿವೆ. ಎಡಗೈಯಲ್ಲಿ ಬರೆಯುವ ಮೊಮ್ಮಗನನ್ನು ಬಲಗೈಗೆ ತಿರುಗಿಸಿ ಅಕ್ಕೋರೇ ಅಂತ ನಮ್ಮ ಶಾಲೆಗೆ ಈಗಲೂ ವರ್ಷಕ್ಕೊಬ್ಬ ಅಜ್ಜ ಬರುತ್ತಾನೆ. ಅವರ ಕೈಯಲ್ಲಿ ಆಗದ್ದನ್ನು ಈ ಫ್ಲೆಕ್ಸಿನವನು ಒಂದು ಕ್ಲಿಕ್ಕಿನಲ್ಲಿ ಮಾಡಿ ಮುಗಿಸಿದ್ದಾನೆ.

ಇದೇನು ದೊಡ್ಡ ತಪ್ಪು ಅಂತ ಕೇಳಬಹುದು. ದೊಡ್ಡದೇ. ನಮ್ಮಂಥ ಬಲಗೈಯವರಿಗೆ ಒಂದು ರೂಢಿ ಇರುತ್ತದೆ, ಕಷ್ಟ ಬಂದಾಗ ಕಾಕನ್ನು ಎದುರಿನವರ ಬ್ಯಾಕ್‌ಹ್ಯಾಂಡ್ ಮೂಲೆಗೆ ಎತ್ತಿ ಉಸಿರು ತೆಗೆದುಕೊಳ್ಳುವುದು. ಎದುರಿಗೆ ಎಡಗೈಯವನಿದ್ದರೆ ಅದೇ ಮೂಲೆ ಅವನ ಫೋರ್‌ಹ್ಯಾಂಡ್. ಸ್ಮ್ಯಾಶ್ ಹೊಡಿ ಅಂತ ನಾವೇ ತಟ್ಟೆಯಲ್ಲಿಟ್ಟು ಕೊಟ್ಟ ಹಾಗೆ. ಹೀಗೆ ತಟ್ಟೆ ಕೊಟ್ಟು ಸೋತವರು ಎಷ್ಟು ಜನವೋ. 2004ರ ಅಥೆನ್ಸ್ ಒಲಿಂಪಿಕ್ಸ್‌ಗೆ ಅವನು ಮೊದಲ ಶ್ರೇಯಾಂಕದಲ್ಲಿ ಹೋಗಿ, ಮೊದಲ ಪಂದ್ಯದಲ್ಲೇ ಸಿಂಗಾಪುರದ ರೊನಾಲ್ಡ್ ಸುಸಿಲೊ ಕೈಯಲ್ಲಿ ಸೋತು ಬಂದ. ಆಗ ವಯಸ್ಸು ಇಪ್ಪತ್ತು. ಆಮೇಲೆ 2008ರಲ್ಲಿ ಬೀಜಿಂಗ್ ಚಿನ್ನ, 2012ರಲ್ಲಿ ಲಂಡನ್ ಚಿನ್ನ, ಐದು ಸಲ ವಿಶ್ವ ಚಾಂಪಿಯನ್, ಶಟಲ್‌ನ ದೊಡ್ಡ ಪಂದ್ಯಾವಳಿ ಆಲ್ ಇಂಗ್ಲೆಂಡ್ ಆರು ಸಲ. ಆ ಮೊದಲ ಆಲ್ ಇಂಗ್ಲೆಂಡ್ 2004ರದ್ದು, ಕೊನೆಯದು 2016ರದ್ದು. ನಡುವೆ ಹನ್ನೆರಡು ವರ್ಷ. ಒಂದನೇ ತರಗತಿಗೆ ಸೇರಿದ ಮಗು ಪಿಯುಸಿ ಮುಗಿಸುವಷ್ಟು ಕಾಲ!

ಹುಡುಗನಿಗೆ ಹೇಳಿದೆ. ನೋಡಿದ. ‘ಹೌದಲ್ಲ ಅಕ್ಕೋರೇ’ ಅಂದ. ಮತ್ತೆ ಪ್ರಿಂಟ್ ಹಾಕಿಸಲು ದುಡ್ಡಿಲ್ಲ ಅಂದ. ಸರಿ, ಅದು ಒಪ್ಪುವ ಮಾತು.

ಒಪ್ಪಲಾಗದ್ದು ಪಕ್ಕದ್ದು. ಲೀ ಚಾಂಗ್ ವೀ ಕಾಲಿನ ಕೆಳಗೆ ಹಳದಿ ಪಟ್ಟಿ, ಅದರ ಮೇಲೆ ದಪ್ಪ ಅಕ್ಷರ: ‘ಮಲೇಷ್ಯಾ. ಒಲಿಂಪಿಕ್ ಚಾಂಪಿಯನ್.’

ನನಗೆ ನಿಜವಾಗಿ ಸಂಕಟವಾಯಿತು. ಮೂರು ಒಲಿಂಪಿಕ್ಸ್ ಫೈನಲ್ ಆಡಿ, ಮೂರರಲ್ಲೂ ಬೆಳ್ಳಿ ತಂದವನು ಅವನು. ಬೀಜಿಂಗಿನಲ್ಲಿ ಲಿನ್ ಡಾನ್‌ಗೆ ಸೋತ. ಲಂಡನ್ನಿನಲ್ಲಿ ಮತ್ತೆ ಲಿನ್ ಡಾನ್‌ಗೆ ಸೋತ. ರಿಯೊದಲ್ಲಿ ಚೀನಾದವನೇ ಆದ ಚೆನ್ ಲಾಂಗ್‌ಗೆ ಸೋತ.

ಲಂಡನ್ ಫೈನಲ್ ದಿನ ನಾನು ತವರಿನಲ್ಲಿದ್ದೆ. 2012ರ ಆಗಸ್ಟ್ 5, ಭಾನುವಾರ. ಶಿರಸಿಯ ಮಳೆ ಗೊತ್ತಲ್ಲ, ತೋಟದಲ್ಲಿ ಅಡಿಕೆಗೆ ಕೊಳೆ ಬಂದಿತ್ತು, ಅಪ್ಪಯ್ಯನಿಗೆ ಅದರದ್ದೇ ಚಿಂತೆ. ಆದರೂ ಟಿವಿ ಮುಂದೆ ಕೂತಿದ್ದರು. ಮೊದಲ ಗೇಮ್ ಲೀ ಗೆದ್ದ, 21-15. ಎರಡನೆಯದು ಲಿನ್ ಡಾನ್, 21-10. ಮೂರನೆಯದರಲ್ಲಿ ಇಬ್ಬರೂ ಒಂದೊಂದೇ ಪಾಯಿಂಟ್ ಹಿಂದೆ ಮುಂದೆ. ಆಯಿ ಒಳಗಿಂದ ‘ದೋಸೆ ಆರುತ್ತೆ’ ಅಂತ ಕೂಗುತ್ತಿದ್ದಾರೆ, ಯಾರೂ ಏಳುತ್ತಿಲ್ಲ. ಅಷ್ಟರಲ್ಲಿ ಕರೆಂಟ್ ಹೋಯಿತು. ಆಗ ನಮ್ಮ ಮನೆಯಲ್ಲಿ ಮೊಬೈಲಿಗೆ ಸಿಗ್ನಲ್ ಬೇಕಾದರೆ ಗುಡ್ಡದ ಮೇಲಿನ ಗೇರುಮರದ ತನಕ ಹೋಗಬೇಕಿತ್ತು, ಆ ಮಳೆಯಲ್ಲಿ ಯಾರು ಹೋಗುತ್ತಾರೆ? ಅಪ್ಪಯ್ಯ ಕತ್ತಲೆಯಲ್ಲೇ ದೋಸೆ ತಿಂದು, ‘ಈ ಸಲ ಮಲೇಷ್ಯಾದವನೇ’ ಅಂತ ಮಲಗಿದರು. ಮರುದಿನ ಬಸ್ಸಿನಲ್ಲಿ ಪೇಪರ್ ಬಂದಾಗ ಮಧ್ಯಾಹ್ನ. 19-21. ಎರಡೇ ಎರಡು ಪಾಯಿಂಟಿಗೆ ಚಿನ್ನ ತಪ್ಪಿತ್ತು. ಅಪ್ಪಯ್ಯ ಪೇಪರ್ ಮಡಚಿ ಕಂಕುಳಲ್ಲಿಟ್ಟುಕೊಂಡು ತೋಟಕ್ಕೆ ಹೋದರು.

ರಿಯೊದಲ್ಲಿ ಇನ್ನೂ ಕೆಟ್ಟದಾಯಿತು. 2016ರ ಸೆಮಿಫೈನಲ್‌ನಲ್ಲಿ ಕೊನೆಗೂ ಲಿನ್ ಡಾನ್‌ನನ್ನು ಸೋಲಿಸಿದ. 15-21, 21-11, 22-20. ಅವರಿಬ್ಬರ ನಡುವೆ ನಡೆದ ನಲವತ್ತು ಪಂದ್ಯದಲ್ಲಿ ಲೀ ಗೆದ್ದದ್ದು ಹನ್ನೆರಡು, ಅದರಲ್ಲಿ ಒಲಿಂಪಿಕ್ಸ್‌ನಲ್ಲಿ ಗೆದ್ದದ್ದು ಇದೊಂದೇ. ಬೆಟ್ಟ ಹತ್ತಿ ಆಯಿತು ಅಂದುಕೊಂಡರೆ ಮರುದಿನ ಚೆನ್ ಲಾಂಗ್ 21-18, 21-18ರಲ್ಲಿ ಮುಗಿಸಿಬಿಟ್ಟ. ವಿಶ್ವ ಚಾಂಪಿಯನ್‌ಶಿಪ್ಪೂ ಅವನ ಕೈಗೆ ಬರಲೇ ಇಲ್ಲ, ಅಲ್ಲೂ ಫೈನಲ್ ಸೋಲುಗಳೇ. 2014ರ ಬೆಳ್ಳಿಯನ್ನಂತೂ ಡೋಪಿಂಗ್ ಪ್ರಕರಣದಲ್ಲಿ ವಾಪಸ್ ಕೊಡಬೇಕಾಯಿತು. ಮೋಸ ಮಾಡುವ ಉದ್ದೇಶ ಇರಲಿಲ್ಲ ಅಂತ ವಿಚಾರಣೆ ಮಾಡಿದವರು ಒಪ್ಪಿದರು, ಎಂಟು ತಿಂಗಳ ಶಿಕ್ಷೆಗೆ ಬಿಟ್ಟರು. 2018ರಲ್ಲಿ ಮೂಗಿನ ಕ್ಯಾನ್ಸರ್. 2019ರ ಜೂನ್‌ನಲ್ಲಿ ಕಣ್ಣೀರು ಹಾಕುತ್ತಾ ನಿವೃತ್ತಿ.

ಹಾಗಂತ ಅವನು ಸೋತು ಸೋತು ಹೆಸರಾದವನಲ್ಲ. 349 ವಾರ ವಿಶ್ವದ ನಂಬರ್ ಒನ್, ಅಂದರೆ ಆರೂವರೆ ವರ್ಷಕ್ಕಿಂತ ಜಾಸ್ತಿ. ಮಲೇಷ್ಯಾ ಓಪನ್ 12 ಸಲ. ಆಲ್ ಇಂಗ್ಲೆಂಡ್ 4 ಸಲ, ಕೊನೆಯದನ್ನು 2017ರಲ್ಲಿ ಮೂವತ್ತನಾಲ್ಕನೇ ವಯಸ್ಸಿನಲ್ಲಿ ಗೆದ್ದ. ಹಾಕುವುದಿದ್ದರೆ ಇದನ್ನು ಹಾಕಲಿ. ಇಷ್ಟೆಲ್ಲ ಇರುವವನಿಗೆ ಇಲ್ಲದ್ದನ್ನೇ ಹುಡುಕಿ ಅಂಟಿಸಬೇಕಾ?

ಹುಡುಗನ ವಾದ ಕೇಳಿ. ‘ಅಕ್ಕೋರೇ, ಮೂರು ಸಲ ಫೈನಲ್ ಆಡಿದವನಿಗೆ ನಾವು ಒಂದು ಕೊಟ್ಟರೆ ಏನಾಯ್ತು? ನೀವು ಒಂದು ಅಂಕ ಕಡಿಮೆ ಬಂದವರಿಗೆ ಅದೊಂದು ಹಾಕಿ ಪಾಸು ಮಾಡೋದಿಲ್ವಾ?’

ಮಾಡುತ್ತೇನೆ. ಒಂದು ಕ್ಷಣ ಮಾತು ಹೊರಡಲಿಲ್ಲ. ಆಮೇಲೆ ಹೇಳಿದೆ, ‘ಹಾಗೆ ಮಾಡಿದರೆ ಅಥೆನ್ಸ್‌ನಲ್ಲಿ ಗೆದ್ದವನ ಫೋಟೋ ಪಕ್ಕದಲ್ಲಿದೆಯಲ್ಲ, ಅವನಿಗೆ ಏನು ಹೇಳುತ್ತೀಯ?’

ಪಕ್ಕದಲ್ಲಿರುವುದು ಇಂಡೋನೇಷ್ಯಾದ ತೌಫಿಕ್. 2004ರ ಚಿನ್ನ, 2005ರಲ್ಲಿ ಲಿನ್ ಡಾನ್‌ನನ್ನೇ ಸೋಲಿಸಿ ವಿಶ್ವ ಚಾಂಪಿಯನ್. ಆಲ್ ಇಂಗ್ಲೆಂಡ್ ಮಾತ್ರ ಸಿಗಲಿಲ್ಲ, 1999 ಮತ್ತು 2000ದಲ್ಲಿ ಫೈನಲ್ ತನಕ ಬಂದು ನಿಂತ. ನೋಡಿ, ಒಬ್ಬನಿಗೆ ಅದು ಇಲ್ಲ, ಇನ್ನೊಬ್ಬನಿಗೆ ಇದು ಇಲ್ಲ. ಫ್ಲೆಕ್ಸ್‌ನಲ್ಲಿ ತೌಫಿಕ್ ನೆಟ್ಟಿಗೆ ಬೆನ್ನು ಹಾಕಿ ಬ್ಯಾಕ್‌ಹ್ಯಾಂಡ್ ಹೊಡೆಯುತ್ತಿದ್ದಾನೆ. ಫೋಟೋ ಆರಿಸಿದವನಿಗೆ ಆಟ ಗೊತ್ತಿದೆ ಅಂತ ಇದೊಂದರಲ್ಲೇ ತಿಳಿಯುತ್ತದೆ. ಉಳಿದವರು ಬ್ಯಾಕ್‌ಹ್ಯಾಂಡಿನಲ್ಲಿ ಕಾಕ್ ವಾಪಸ್ ಹೋದರೆ ಸಾಕು ಅನ್ನುತ್ತಿದ್ದಾಗ ಇವನು ಅದರಲ್ಲೇ ಸ್ಮ್ಯಾಶ್ ಮಾಡುತ್ತಿದ್ದ. ನಾನು ಒಂದು ತಿಂಗಳು ಪ್ರಯತ್ನಪಟ್ಟೆ. ಮಣಿಕಟ್ಟಿಗೆ ಎಣ್ಣೆ ತಿಕ್ಕಿಕೊಂಡದ್ದಷ್ಟೇ ಲಾಭ.

ಮೊಮೊಟಾ ಫೋಟೋ ಸರಿಯಿದೆ. ಅವನೂ ಎಡಗೈ, ಇಲ್ಲಿ ಎಡಗೈಯಲ್ಲೇ ಹಿಡಿದಿದ್ದಾನೆ. ಕೆಳಗೆ ‘2019ರಲ್ಲಿ 11 ಪ್ರಶಸ್ತಿ’ ಅಂತ ಬರೆದದ್ದೂ ನಿಜ. ಬರೆಯದೆ ಬಿಟ್ಟದ್ದು ಅದರ ಹಿಂದೆ ಮುಂದೆ. ಕಾನೂನುಬಾಹಿರ ಕ್ಯಾಸಿನೊಗೆ ಹೋಗಿ ಸಿಕ್ಕಿಬಿದ್ದು ರಿಯೊ ತಪ್ಪಿಸಿಕೊಂಡವನು, ವಾಪಸ್ ಬಂದು 2018, 2019 ಎರಡೂ ವರ್ಷ ವಿಶ್ವ ಚಾಂಪಿಯನ್ ಆದ. 2020ರ ಜನವರಿಯಲ್ಲಿ ಮಲೇಷ್ಯಾ ಮಾಸ್ಟರ್ಸ್ ಗೆದ್ದು ಏರ್‌ಪೋರ್ಟಿಗೆ ಹೊರಟಿದ್ದಾಗ ವ್ಯಾನ್ ಅಪಘಾತ. ಡ್ರೈವರ್ ತೀರಿಕೊಂಡ. ಇವನ ಕಣ್ಣಿನ ಸುತ್ತಲಿನ ಮೂಳೆ ಮುರಿದಿತ್ತು. ಆಪರೇಷನ್ ಆಯಿತು, ಆಡಿದ, ಆದರೆ ಆ ಆಟ ಮತ್ತೆ ಬರಲಿಲ್ಲ. ತನ್ನದೇ ದೇಶದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಗುಂಪು ಹಂತ ದಾಟಲಿಲ್ಲ. ಈ ಫ್ಲೆಕ್ಸಿನ ಕೆಳಗೇ ಚಪ್ಪಲಿ ಸ್ಟ್ಯಾಂಡ್ ಇಟ್ಟಿದ್ದಾನೆ, ಅದನ್ನು ಸರಿಸು ಅಂತ ಹೇಳಿದ್ದೇನೆ.

ಆಕ್ಸೆಲ್ಸನ್‌ನದು ಇನ್ನೊಂದು ಸಮಸ್ಯೆ. ಮನುಷ್ಯ 194 ಸೆಂಟಿಮೀಟರ್. ಫ್ಲೆಕ್ಸಿನ ಮುಂದೆ ನೀರಿನ ಫಿಲ್ಟರ್ ಇದೆ, ಆದರೂ ಎದೆಯಿಂದ ಮೇಲೆ ಕಾಣುತ್ತಾನೆ! ನನ್ನ ಮಗಳಿಗೆ ಅವನನ್ನು ಕಂಡರೆ ಆಗುವುದಿಲ್ಲ. ಕಾರಣ ಪ್ಯಾರಿಸ್. 2024ರ ಸೆಮಿಫೈನಲ್‌ನಲ್ಲಿ ನಮ್ಮ ಲಕ್ಷ್ಯ ಸೇನ್ ಮೊದಲ ಗೇಮ್ 20-17 ಮುಂದಿದ್ದ, 20-22 ಸೋತ. ಎರಡನೆಯದರಲ್ಲಿ 7-0 ಮುಂದಿದ್ದ, 14-21 ಸೋತ. ಅದೇ ವಾರ ನಮ್ಮ ಹಳೆಯ ಕಾಳಿ ಸೇತುವೆ ರಾತ್ರಿ ಕುಸಿದು ಬಿತ್ತು. ಹಾಗಾಗಿ ನಮ್ಮ ಮನೆಯಲ್ಲಿ ಎರಡೂ ಒಟ್ಟಿಗೇ ನೆನಪಾಗುತ್ತವೆ. ‘ಏಳು ಸೊನ್ನೆ ಇತ್ತು ಆಯಿ, ಏಳು ಸೊನ್ನೆ’ ಅಂತ ಮಗಳು ಇವತ್ತಿಗೂ ಆ ಫಿಲ್ಟರಿನಲ್ಲಿ ನೀರು ಕುಡಿಯುವಾಗ ಅವನನ್ನು ದುರುಗುಟ್ಟಿ ನೋಡುತ್ತಾಳೆ. ನನಗೆ ಅವನ ಮೇಲೆ ಸಿಟ್ಟಿಲ್ಲ. 7-0 ಹಿಂದಿದ್ದಾಗಲೂ ಮುಖ ಬದಲಾಗಲಿಲ್ಲ. ಟೋಕಿಯೊ ಚಿನ್ನ ಇದ್ದೇ ಇತ್ತು, ಪ್ಯಾರಿಸ್ ಫೈನಲ್ ಕೂಡ 21-11, 21-11ರಲ್ಲಿ ಗೆದ್ದ. ಡೆನ್ಮಾರ್ಕಿನವನಾಗಿ ಚೀನಿ ಭಾಷೆ ಕಲಿತು ಚೀನಾದವರ ಹತ್ತಿರ ಅವರದ್ದೇ ಭಾಷೆಯಲ್ಲಿ ಮಾತಾಡುತ್ತಾನೆ. ನಾನು ಕಾರವಾರಕ್ಕೆ ಬಂದು ಒಂಬತ್ತು ವರ್ಷ, ಕೊಂಕಣಿಯಲ್ಲಿ ಮೀನು ಬೇಡ ಅನ್ನುವುದೊಂದು ಬರುತ್ತದೆ.

ಕೊಂಕಣಿ ಅಂದ ಮೇಲೆ ಕೇಳಲೇಬೇಕು. ಪ್ರಕಾಶ್ ಪಡುಕೋಣೆ ಎಲ್ಲಿ?

ಇದೇ ಹೆದ್ದಾರಿ ಹಿಡಿದು ದಕ್ಷಿಣಕ್ಕೆ ಹೋದರೆ ಕುಂದಾಪುರದ ಹತ್ತಿರ ಪಡುಕೋಣೆ. ಮನೆಮಾತು ಕೊಂಕಣಿ, ಹುಡುಗನ ಮನೆಮಾತೂ ಅದೇ. ಬೆಂಗಳೂರಿನ ಮಲ್ಲೇಶ್ವರದ ಕೆನರಾ ಯೂನಿಯನ್ ಹಾಲ್‌ನಲ್ಲಿ ಆಡಿ ಬೆಳೆದವರು ಅವರು. ಅದು ಮದುವೆಗೆ ಬಾಡಿಗೆ ಕೊಡುವ ಹಾಲ್, ಮದುವೆ ಇದ್ದ ದಿನ ಆಟ ಇಲ್ಲ. ಅಲ್ಲಿಂದ ಹೋದವರು 1980ರಲ್ಲಿ ಡ್ಯಾನಿಷ್ ಓಪನ್, ಸ್ವೀಡಿಷ್ ಓಪನ್ ಗೆದ್ದು, ಅದರ ಬೆನ್ನಿಗೇ ಆಲ್ ಇಂಗ್ಲೆಂಡ್ ಗೆದ್ದರು. ಫೈನಲ್‌ನಲ್ಲಿ ಎದುರಿಗಿದ್ದದ್ದು ಹಿಂದಿನ ಎರಡು ವರ್ಷ ಗೆದ್ದಿದ್ದ ಇಂಡೋನೇಷ್ಯಾದ ಲಿಯೆಮ್ ಸ್ವೀ ಕಿಂಗ್, ಹಾರಿ ಸ್ಮ್ಯಾಶ್ ಹೊಡೆಯುವುದಕ್ಕೆ ಹೆಸರಾದವನು. 15-3, 15-10. ಹೊಡೆಯುವವನಿಗೆ ಹೊಡೆಯಲು ಕಾಕ್ ಕೊಡದೆ, ಮೆಲ್ಲಗೆ ನೆಟ್ಟಿನ ಹತ್ತಿರ ಇಳಿಸಿ ಇಳಿಸಿ ಗೆದ್ದರು. ಆಗ ನಾನು ಎರಡು ವರ್ಷದ ಮಗು. ಅಪ್ಪಯ್ಯ ಮಾತ್ರ ಆ ಸ್ಕೋರನ್ನು ಮಗ್ಗಿಯ ಹಾಗೆ ಹೇಳುತ್ತಿದ್ದರು. ಅಡಿಕೆ ಒಣಗಿಸುವ ಅಂಗಳದಲ್ಲಿ ಹಗ್ಗ ಕಟ್ಟಿ ನಾನೂ ಅಣ್ಣನೂ ಪ್ಲಾಸ್ಟಿಕ್ ಕಾಕ್‌ನಲ್ಲಿ ಆಡುವಾಗ ‘ಬಡಿಯಬೇಡ, ಇಳಿಸು’ ಅನ್ನುತ್ತಿದ್ದರು. ಅಲ್ಲಿ ಬಡಿದರೆ ಕಾಕ್ ತೋಟದ ಹಳ್ಳಕ್ಕೆ ಬೀಳುತ್ತಿತ್ತು ಅನ್ನುವುದೂ ಒಂದು ಕಾರಣ.

ಹುಡುಗ ಹೇಳಿದ, ಹಾಕಿಸಲು ಹೋಗಿದ್ದನಂತೆ. ಸಿಕ್ಕಿದ ಹಳೆಯ ಫೋಟೋವನ್ನು ಆರಡಿಗೆ ಹಿಗ್ಗಿಸಿದರೆ ಒಡೆದು ಹೋಗುತ್ತಿತ್ತಂತೆ, ಮುಖ ಯಾವುದು ನೆಟ್ಟು ಯಾವುದು ಗೊತ್ತಾಗಲಿಲ್ಲವಂತೆ. ಮೊಬೈಲಿನಲ್ಲಿ ತೋರಿಸಿದ. ನಿಜ. ‘ಹಾಗಾದರೆ ಸಣ್ಣದೇ ಹಾಕು’ ಅಂದೆ. ಈಗ ಅವನ ಟೇಬಲ್ಲಿನ ಹಿಂದೆ, ಗಣಪತಿ ಕ್ಯಾಲೆಂಡರಿನ ಪಕ್ಕ, ಪೋಸ್ಟ್‌ಕಾರ್ಡಿನ ಅಳತೆಯ ಪ್ರಕಾಶ್ ಇದ್ದಾರೆ. ದುಡ್ಡು ಕೊಡಲು ಬಗ್ಗಿದವರಿಗೆ ಮಾತ್ರ ಕಾಣುತ್ತಾರೆ. ಅದಕ್ಕೆ ಅರ್ಧ ಅಂಕ ವಾಪಸ್ ಕೊಟ್ಟಿದ್ದೇನೆ, ಮೇಲೆ ಹೇಳಿದ ಏಳು ಅದನ್ನೂ ಸೇರಿಸಿಯೇ.

ಹೋಗುವವರಿಗೆ ಇನ್ನೆರಡು ಮಾತು. ಗ್ರಿಪ್‌ಗೆ ಟವೆಲ್ ಬಟ್ಟೆಯದ್ದೇ ಹಾಕಿಸಿ, ಇಲ್ಲಿಯ ಬೆವರಿಗೆ ಬೇರೆ ಯಾವುದೂ ನಿಲ್ಲುವುದಿಲ್ಲ. ಮಧ್ಯಾಹ್ನದ ಮೇಲೆ ಹೋಗಬೇಡಿ, ಸೆಕೆಗೆ ಪಡುವಣ ಬಾಗಿಲು ತೆಗೆದಿಡುತ್ತಾರೆ, ಸಮುದ್ರದ ಗಾಳಿಗೆ ಕಾಕ್ ಅಂಕೆಗೆ ಸಿಗುವುದಿಲ್ಲ. ಮುರುಗಲ ಶರಬತ್ತು ಇಡುತ್ತಾನೆ, ಸಕ್ಕರೆ ಜಾಸ್ತಿ. ಆಟ ಮುಗಿಸಿ ಪೇಟೆಗೆ ಬಂದು ಬನ್ಸ್ ಭಾಜಿ ತಿನ್ನಿ.

ಲೀ ಚಾಂಗ್ ವೀ ವಿಷಯಕ್ಕೆ ಕಳೆದ ತಿಂಗಳು ರಾಜಿಯಾಯಿತು. ಹಳದಿ ಪಟ್ಟಿಯ ಮೇಲೆ ಬಿಳಿ ಹಾಳೆ ಅಂಟಿಸಿ ಸ್ಕೆಚ್ ಪೆನ್ನಿನಲ್ಲಿ ‘3 ಬೆಳ್ಳಿ, 349 ವಾರ ನಂಬರ್ 1’ ಅಂತ ಬರೆದಿದ್ದಾನೆ. ಅಕ್ಷರ ನನ್ನದು, ಅವನ ಕೈಬರಹ ನೋಡಲಾಗುವುದಿಲ್ಲ. ಆದರೆ ಈ ಊರಿನ ತೇವಕ್ಕೆ ಗಮ್ ಟೇಪ್ ವಾರ ತಾಳುವುದಿಲ್ಲ. ಒಂದು ಮೂಲೆ ಬಿಟ್ಟು, ಅಡಿಯಿಂದ ‘ಪಿಯನ್’ ಅಂತ ಇಣುಕುತ್ತಿರುತ್ತದೆ. ಸೋಮವಾರ ಬೆಳಿಗ್ಗೆ ಬ್ಯಾಗ್ ಇಡುವ ಮೊದಲು ಹೋಗಿ ಹೆಬ್ಬೆರಳಲ್ಲಿ ಒತ್ತಿ ಬರುತ್ತೇನೆ.